ಮುನ್ನೂರ ಇಪ್ಪತ್ತು ಸುತ್ತು

ಶಿಡ್ಲಘಟ್ಟದ ಹಳೇ ಶಾಲೆ, ಮೂರನೇ ಕೋಣೆ,
ಸಂಜೆ ಆರೂವರೆ.
ಬಾಗಿಲಲ್ಲೇ ಒಂದು ಪುಟ್ಟ ಯಂತ್ರ ಹೆಬ್ಬೆಟ್ಟು ಕೇಳುತ್ತದೆ.
ಖಮರುನ್ನೀಸಾ ಒತ್ತಿದರೆ ಹಸಿರು ದೀಪ,
ಟೈಲರ್ ನಾರೆಪ್ಪ ಒತ್ತಿದರೆ ಹಸಿರು ದೀಪ,
ನಾನು ಒತ್ತಿದರೆ
‘ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ ಒಂದು ಹೆಣ್ಣುದನಿ,
ನನಗಿಂತ ಚೆಂದದ ಕನ್ನಡದಲ್ಲಿ.

ಎಡದ್ದು ಒತ್ತಿದೆ. ತೋರುಬೆರಳು. ಸೆರಗಲ್ಲಿ ಒರೆಸಿ ಮತ್ತೆ.
ಹಾಜರಿ ಹುಡುಗಿ ನನ್ನ ಕೈ ಹಿಡಿದು
ಬೆಳಕಿಗೆ ತಿರುಗಿಸಿ ನೋಡಿದಳು:
“ಗೆರೆಗಳೇ ಇಲ್ವಲ್ಲಮ್ಮ?”
ಇದ್ದವು ತಾಯಿ.
ಹನ್ನೆರಡನೇ ವಯಸ್ಸಿಂದ ಕುದಿನೀರ ತೊಟ್ಟಿಯಲ್ಲಿ ಗೂಡು ತಡಕಿ
ಎಳೆಯ ತುದಿ ಹುಡುಕಿ ಹುಡುಕಿ
ನೂಲಿನ ಜೊತೆಗೇ ಬಿಚ್ಚಿಕೊಂಡು ಹೋದವು.
ಯಾರ ಸೀರೆಯ ಅಂಚಲ್ಲಿದೆಯೋ ಈಗ ನನ್ನ ಹೆಬ್ಬೆಟ್ಟು,
ಯಾವ ಮದುವೆಯ ಮೊದಲ ಪಂಕ್ತಿಯಲ್ಲಿ
ಊಟಕ್ಕೆ ಕೂತಿದೆಯೋ.

ಹುಡುಗಿ ರಿಜಿಸ್ಟರು ತೆಗೆದು ಗೆರೆ ಎಳೆದಳು. ಸೈನು ಮಾಡಿದೆ.
ಅದು ಹೋದ ವರ್ಷದ ಕ್ಲಾಸಲ್ಲಿ ಕಲಿತದ್ದು: ಗಂಗುಲಮ್ಮ.
ಕೊನೆಯ ಅಕ್ಷರಕ್ಕೆ ಒತ್ತು ಕೊಡುವಾಗ
ಈಗಲೂ ನಾಲಗೆ ಹಲ್ಲಿಗೆ ಸಿಗುತ್ತದೆ.

ಬೈಯಣ್ಣ ಮೇಷ್ಟ್ರು,
ಸುಟ್ಟ ಪಂಪ್‌ಸೆಟ್ಟುಗಳ ಘಾಟಲ್ಲೇ ತಲೆ ನರೆತವರು,
ಫ್ಯಾನಿನ ಹೊಟ್ಟೆ ಬಗೆದು ಮೇಜಿನ ಮೇಲೆ ಇಟ್ಟಿದ್ದಾರೆ.
“ಮೂವತ್ತಾರು ಗೇಜು ತಾಮ್ರ. ಕೂದಲೆಳೆ.
ಬಿಗಿಯಾಗಿ ಎಳೆದಿರೋ ತುಂಡು, ಸಡಿಲ ಬಿಟ್ಟಿರೋ ಸಿಕ್ಕು.
ಒಂದೊಂದು ಕಾಯಿಲಿಗೂ ಮುನ್ನೂರ ಇಪ್ಪತ್ತು ಸುತ್ತು.”
ಎಲ್ಲರೂ ಮುಖ ಮುಖ ನೋಡಿಕೊಂಡರು.
ನನಗೆ ನಗು ಬಂತು.
ಕೂದಲೆಳೆಯಂತೆ!
ಹಗ್ಗ ಇದು.

ಪಕ್ಕದಲ್ಲಿ ಯೋಗದ ಕ್ಲಾಸು, ನಡುವೆ ಬರೀ ತಗಡಿನ ತಡಿಕೆ.
“ಉಸಿರು ಒಳಗೆ... ಹಿಡಿದುಕೊಳ್ಳಿ...”
ಇಲ್ಲಿ ನಾರೆಪ್ಪನೂ ಹಿಡಿದುಕೊಂಡ.
ಖಮರುನ್ನೀಸಾ ನೂರಾ ಎಂಟೋ ನೂರಾ ಒಂಬತ್ತೋ ಅಂತ
ಮತ್ತೆ ಒಂದರಿಂದ ಶುರು ಮಾಡಿದಳು.
ನಾನು ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ.
ಮೊಣಕೈಗೆ ಗೊತ್ತು.

ಇನ್ನೂರ ಹತ್ತಕ್ಕೆ ಟಿಕ್ಕೆಂದು ಹರಿಯಿತು.
ಬೆರಳು ನನ್ನನ್ನು ಕೇಳಲಿಲ್ಲ,
ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿಬಿಟ್ಟಿತ್ತು.
ಮೇಷ್ಟ್ರು ಭೂತಗನ್ನಡಿ ಹಿಡಿದರು:
“ಗಂಟೇನೋ ಭೇಷ್. ಆದರೆ ಕರೆಂಟು ಗಂಟನ್ನ ನಂಬಲ್ಲ ಕಣಮ್ಮ.
ಮೇಲಿನ ಬಣ್ಣ ಕೆರೀಬೇಕು. ಬರಿಮೈ ಬರಿಮೈಗೆ ತಾಗಬೇಕು.
ಆಮೇಲೆ ಬೆಸುಗೆ.”
ಯಾಕೋ ನಾಚಿಕೆಯಾಯಿತು, ಈ ವಯಸ್ಸಲ್ಲಿ.
ಬ್ಲೇಡಿನ ತುದಿಯಲ್ಲಿ ಕೆರೆದೆ.
ಕಾದ ಕಡ್ಡಿ ಬೆರಳಿಗೆ ತಾಗಿತು. ಎಲ್ಲರೂ ಅಯ್ಯೋ ಅಂದರು.
ನನಗೆ ಸುದ್ದಿ ಮುಟ್ಟಿದ್ದು ತಡವಾಗಿ,
ಬೇರೆ ಊರಿಂದ ಕಾಗದ ಬಂದ ಹಾಗೆ.

ಹತ್ತು ದಿನಕ್ಕೆ ಫ್ಯಾನು ಮೇಲೇರಿತು, ಯೋಗದ ಕೋಣೆಯಲ್ಲೇ.
ಸ್ವಿಚ್ಚು ನನ್ನ ಕೈಗೆ ಬಿಟ್ಟರು.
ತಿರುಗಿತು!
ತಿರುಗಿದ್ದೇನೋ ಸರಿ, ಗಾಳಿ ಕೆಳಗಿಳಿಯಲೊಲ್ಲದು.
ಉಲ್ಟಾ.
ರೆಕ್ಕೆಯ ಮೇಲಿದ್ದ ಮೂರು ವರ್ಷದ ಧೂಳು
ಶವಾಸನದವರ ಮೇಲೆ ಸುರಿದು
ಹೆಣವಾಗಿ ಮಲಗಿದ್ದ ಪಾಪಿರೆಡ್ಡಿಯವರು
ಎದ್ದು ಕೂತು ಏಳು ಸಲ ಸೀನಿದರು.
ನಾನೂ ಖಮರುನ್ನೀಸಾಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು
ನಿಲ್ಲಲಾರದೆ ನೆಲಕ್ಕೇ ಕೂತೆವು.
“ಎರಡು ತುದಿ ಅದಲು ಬದಲು, ಅಷ್ಟೇ. ನಾಳೆ ನೋಡೋಣ”
ಅಂದರು ಮೇಷ್ಟ್ರು, ಮೀಸೆಯ ಧೂಳು ಒರೆಸುತ್ತ.

ಮನೆಗೆ ಬರುವಾಗ
ಗೂಡಿನ ಮಾರ್ಕೆಟ್ಟಿನ ತಿರುವಲ್ಲಿ ಕಂದು ನಾಯಿ ಕಾದಿತ್ತು.
ಕೈಯ ಹುಳದ ವಾಸನೆಗೆ ದಿನಾ ಬಾಗಿಲವರೆಗೂ ಬರುವ ನಾಯಿ.
ಮೂಸಿತು.
ವಾರ್ನಿಷ್ಷು.
ಮುಖ ಎತ್ತಿ ನೋಡಿತು, ಮತ್ತೆ ಮೂಸಿತು.
ಆಮೇಲೆ ಒಂದು ಮಾರು ದೂರ ಬಿಟ್ಟು
ಹಿಂದೆ ಹಿಂದೆ ಬಂತು,
ಇನ್ನೂ ಪರಿಚಯವಾಗದವರ ಹಿಂದೆ ಬರುವಂತೆ.