ಎರಡು ಡೆಸಿಬೆಲ್

ಮಾರಿಬೋರಿನಲ್ಲಿ ನಮ್ಮದೊಂದು ಕೋಣೆ.
ಗೋಡೆ ತುಂಬ ನೀಲಿ ಸ್ಪಂಜಿನ ಮೊನೆಗಳು,
ಆಡಿದ ಮಾತು ಬಾಯಿಂದಾಚೆಗೆ ನಾಲ್ಕು ಹೆಜ್ಜೆ ನಡೆಯದು.
ಬಾಗಿಲು ಹಿತ್ತಾಳೆಯ ಹಲ್ಲು ಕಚ್ಚಿಕೊಂಡರೆ
ಹೊರಗಿನ ಒಂದು ರೇಡಿಯೋ ನಿಲಯವೂ ಒಳಗಿಲ್ಲ,
ದ್ರಾವಾ ನದಿ ದಾಟುವ ಒಂದು ಫೋನ್ ಕರೆಯೂ.

ನಡುವೆ ತಿರುಗುವ ಮಣೆ, ಮಣೆಯ ಮೇಲೆ ಮಿಕ್ಸರ್.
ಮೂರು ಮೀಟರ್ ದೂರದಲ್ಲಿ ಆಂಟೆನಾ
ಏರುತ್ತ, ಇಳಿಯುತ್ತ, ಕಿವಿಗೊಟ್ಟಿದೆ.
ಕೆನೆ ಕಡೆಯುವ ಯಂತ್ರಕ್ಕೂ ಹೊಟ್ಟೆಯಲ್ಲಿ ಮಾತು ನಿಲ್ಲದು:
ಇಂಗಾಲದ ಕುಂಚ ತಾಮ್ರ ಉಜ್ಜಿ ಕಿಡಿ ಕಾರಿದಾಗಲೆಲ್ಲ
ಗಾಳಿಗೆ ಚಾಡಿ ಹೇಳುತ್ತದೆ.
ಪರದೆಯ ಮೇಲೆ ಕೆಂಪು ಗೆರೆ.
ಎಂಬತ್ತೆಂಟು ಮೆಗಾಹರ್ಟ್ಸ್ ಬಳಿ ಒಂದು ಮುಳ್ಳು ದಾಟಿತು.
ಎರಡೇ ಎರಡು ಡೆಸಿಬೆಲ್.

ಕಾರ್ಖಾನೆಯ ಝ್ವೊಂಕೊ ಹಣೆ ಒರೆಸಿಕೊಂಡ,
ವಯರಿಗೆ ಫೆರೈಟ್ ಉಂಗುರ ತೊಡಿಸಿದ.
"ಇನ್ನೊಂದು ಸಲ, ಮಾರ್ಯೆಟಾ, ಒಂದೇ ಸಲ."
ಎಷ್ಟು ಸಲವಾದರೂ ಸರಿ. ಆದರೆ ಗೆರೆ ನನ್ನದಲ್ಲ.

ಮಧ್ಯಾಹ್ನ ಉಕ್ಕಿನ ಬೆರಳು ತೆಗೆದೆ.
ಮಗುವಿನ ಬೆರಳಿನ ಗಾತ್ರದ್ದೂ ಒಂದಿದೆ ನಮ್ಮಲ್ಲಿ;
ಮಗು ತೂರಿಸುವಲ್ಲೆಲ್ಲ ತೂರಿಸಬೇಕು,
ಮಗುವಿಗಿಲ್ಲದ ತಾಳ್ಮೆಯಿಂದ.
ಆಮೇಲೆ ಕಾದ ತಂತಿ. ಪ್ಲಾಸ್ಟಿಕ್ ತೊಟ್ಟಿಕ್ಕಿತು,
ಕೆಳಗಿನ ತೆಳುಕಾಗದ ಹೊತ್ತಲಿಲ್ಲ. ಬರೆದುಕೊಂಡೆ.

ಮನೆಯಲ್ಲಿರುವುದು ಅತ್ತೆಯ ಕಾಲದ ಮಿಕ್ಸರ್,
ಈ ಮಣೆಯ ಮೇಲೆ ಕೂತರೆ ಎಲ್ಲದರಲ್ಲೂ ನಪಾಸು.
ಅದು ಗುರ್ ಅಂದ ಕೂಡಲೆ
ಮೇಲಂತಸ್ತಿನ ತ್ಸಿರಿಲ್,
ಶಾರ್ಟ್‌ವೇವಿನಲ್ಲಿ ಚಿಲಿಯ ಪಿಸುಮಾತು ಹೆಕ್ಕುತ್ತ ಕೂತವರು,
ಚಮಚದಿಂದ ನೀರಿನ ಪೈಪಿಗೆ ಕುಟ್ಟುತ್ತಿದ್ದರು:
ಟಣ್, ಟಣ್.
ನಿಲ್ಲಿಸುತ್ತಿದ್ದೆ. ಮೊಟ್ಟೆಯ ಬಿಳಿ ಅರೆನೊರೆಯಲ್ಲೇ ಕಾಯುತ್ತಿತ್ತು.
ಅವರದು ಮುಗಿದರೆ ಒಂದೇ ಟಣ್: ಈಗ ನಿನ್ನ ಸರದಿ.
ಹನ್ನೊಂದು ವರ್ಷ.
ಮೆಟ್ಟಿಲಲ್ಲಿ ಸಿಕ್ಕರೆ ಚಳಿಯ ಮಾತು ಬಿಟ್ಟು ಬೇರೇನೂ ಆಡಿದವರಲ್ಲ.

ಫೆಬ್ರವರಿಯಲ್ಲಿ ಯಾರೋ ಬಂದು
ಅವರ ತಂತಿಯನ್ನು ಮಾಡಿನಿಂದ ಇಳಿಸಿ ಸುರುಳಿ ಸುತ್ತಿದರು.

ಈಸ್ಟರಿನ ಹಿಂದಿನ ರಾತ್ರಿ, ಪೊಟಿತ್ಸಾ ರೊಟ್ಟಿಗೆ
ಆಕ್ರೋಟು ಪುಡಿ ಮಾಡಿಟ್ಟು ಮಿಕ್ಸರ್ ಹಾಕಿದೆ.
ಕಿಡಿ, ಚಾಡಿ, ಎಲ್ಲ.
ಕೈ ತಾನಾಗಿ ಗುಂಡಿ ಒತ್ತಿ ನಿಲ್ಲಿಸಿತು.
ಪೈಪು ಪಿಟ್ಟೆನ್ನಲಿಲ್ಲ.
ಮತ್ತೆ ಹಾಕಿದೆ. ನೊರೆ ಗಟ್ಟಿಯಾಗುವ ತನಕ,
ಗಟ್ಟಿಯಾದ ಮೇಲೂ, ಕೆಡುವ ತನಕ.

ಮಂಗಳವಾರ ಝ್ವೊಂಕೊ ಹೊಸ ಕೆಪಾಸಿಟರ್ ಬೆಸೆದು ತಂದ.
ಮಣೆ ತಿರುಗಿತು. ಮುಳ್ಳು ಗೆರೆಯ ಕೆಳಗೇ ಉಳಿಯಿತು.
ಅವನು ನಕ್ಕ. ನಾನು ಪಾಸು ಎಂದು ಬರೆದೆ.
ಇದು ಯಾರ ಮೇಲಂತಸ್ತಿಗೂ
ಕೇಳಿಸುವುದಿಲ್ಲ.