ಕಿಟಕಿಯ ಸಿಹಿ

ಬೆರಳು ಚುಚ್ಚುವುದು ನನ್ನ ಕೆಲಸ.
ಬಾಲ್ಟಿಮೋರಿನ ಪಶ್ಚಿಮಕ್ಕೆ, ಲಿಫ್ಟು ಕೆಟ್ಟ ಕ್ಲಿನಿಕ್ಕಿನಲ್ಲಿ
ಒಂದು ಹನಿ ರಕ್ತ, ಒಂದು ಚೀಟಿ, ಒಂದು ಸಂಖ್ಯೆ.

ಒಮಾರಿಗೆ ಮೂರು ತುಂಬಿದೆ. ಅಳಲಿಲ್ಲ.
ಹನಿ ಉಬ್ಬಿ ಗುಲಗಂಜಿಯಾಗುವುದನ್ನೇ ನೋಡಿದ,
ಏನನ್ನೋ ತೂಗಲಿಕ್ಕೆ ಇಟ್ಟ ಹಾಗೆ.
ಆಮೇಲೆ ನನ್ನ ಕಿವಿಯಲ್ಲಿ, ದೊಡ್ಡ ಗುಟ್ಟು:
"ನಮ್ಮ ಕಿಟಕಿ ಸಿಹಿ ಇದೆ."

ಸೀಸ. ಹದಿನಾಲ್ಕು.

ಅಜ್ಜಿ ಒಝೆಲ್ಲಾ ಕುರ್ಚಿಯ ತುದಿಯಲ್ಲಿದ್ದಾಳೆ.
ಎರಡು ಬಸ್ಸು ಬದಲಿಸಿ ಬಂದವಳು,
ಮರಳುವ ಚಿಲ್ಲರೆ ಮುಷ್ಟಿಯೊಳಗೆ ಬೆವರುತ್ತಿದೆ.
"ಅದೇ ಕಿಟಕಿ," ಅಂದಳು,
"ನಾನೂ ನೆಕ್ಕಿದ್ದೆ. ಸಿಹಿಯೇ."

ಅವಳ ಅಪ್ಪ ಯುದ್ಧ ಮುಗಿಸಿ ಬಂದವನು.
ಗರಿಗರಿ ಅಂಗಿ, ಎದೆಯ ಮೇಲೆ ಪದಕ,
ಬ್ಯಾಂಕಿನ ಮೇಜಿನೆದುರು ಟೋಪಿ ತಿರುಗಿಸುತ್ತ ನಿಂತ.
ಗುಮಾಸ್ತ ಕೆಟ್ಟವನಲ್ಲವಂತೆ, ಕುಡಿಯಲು ನೀರು ಕೊಟ್ಟ.
ನಕಾಶೆ ಬಿಡಿಸಿ ಬೆರಳಿಟ್ಟ:
ಇಗೋ ನಿಮ್ಮ ಬೀದಿ. ಕೆಂಪು. ಸಾಲ ಹುಟ್ಟುವುದಿಲ್ಲ.
ಮುಖ ನೋಡಿ ಹೇಳಲಿಲ್ಲ, ಬೀದಿ ನೋಡಿ ಹೇಳಿದ;
ಬೀದಿ ನೋಡಿದರೆ ಸಾಕಿತ್ತು,
ಮುಖಗಳನ್ನೆಲ್ಲ ಆಗಲೇ ಅಲ್ಲಿ ತುಂಬಿಟ್ಟಿದ್ದರು.

ಕೊಳ್ಳಲಾಗದ ಮನೆಯನ್ನು ಬಾಡಿಗೆಗೆ ಹಿಡಿದ.
"ಮೂರು ಸಲ ಕೊಂಡಷ್ಟು ಕಟ್ಟಿದ್ದೇವೆ," ಒಝೆಲ್ಲಾ ಲೆಕ್ಕ ಹಾಕುತ್ತಾಳೆ,
"ಒಂದು ಮೊಳೆಯೂ ನಮ್ಮದಲ್ಲ."
ಯಜಮಾನರು ಬದಲಾದರು, ಬೀಗ ಬದಲಾಯಿತು,
ಚೌಕಟ್ಟಿನ ಬಣ್ಣ ಮಾತ್ರ ಅದೇ,
ಪದರ ಪದರವಾಗಿ ಮೊಮ್ಮಕ್ಕಳಿಗಾಗಿ ಕಾದು ಕೂತಿತು.

ನಾಲ್ಕು ಬೀದಿ ಆಚೆ ಮರಗಳಿವೆ.
ಮನೆಯ ಬೆಲೆಗೆ ತಕ್ಕ ತೆರಿಗೆ, ತೆರಿಗೆಗೆ ತಕ್ಕ ಶಾಲೆ,
ಶಾಲೆಯೊಳಗೆ ಪಿಯಾನೋ ಇರುವ ಕೋಣೆ.
ಈಚೆಗೆ ಜುಲೈಯಲ್ಲಿ ಡಾಂಬರು ಮೆತ್ತಗಾಗುತ್ತದೆ,
ಮಕ್ಕಳ ಚಪ್ಪಲಿ ಕಚ್ಚಿ ಹಿಡಿಯುತ್ತದೆ.

ಹಣೆಬರಹ ಅನ್ನುತ್ತಾರೆ.
ಹಣೆಗಳನ್ನು ನಾನು ದಿನಾ ಮುಟ್ಟುತ್ತೇನೆ, ಜ್ವರ ನೋಡಲು.
ಬೆವರು, ಒಂದಿಷ್ಟು ಬಿಸ್ಕತ್ತಿನ ಪುಡಿ. ಅಲ್ಲಿ ಅಕ್ಷರ ಕಂಡಿಲ್ಲ.
ಬರಹವೆಲ್ಲ ಕಾಗದದ ಮೇಲಿತ್ತು;
ದುಂಡಗೆ, ತಪ್ಪಿಲ್ಲದೆ, ಪೆನ್ಸಿಲ್ಲು ಚೂಪು ಮಾಡಿಕೊಂಡು
ಯಾರೋ ಸಂಬಳಕ್ಕೆ ಬರೆದದ್ದು.

ನಾನೂ ಸಂಬಳದವಳೇ.
ನನ್ನ ಫಾರಮ್ಮಿನಲ್ಲಿ "ವಿಷದ ಮೂಲ" ಎಂಬಲ್ಲಿ
ಹೆಬ್ಬೆರಳಗಲ ಜಾಗ.
ಬರೆದೆ: ಕಿಟಕಿ.

ಹೊರಡುವಾಗ ಒಮಾರಿ ಇನ್ನೊಂದು ಕೈ ಚಾಚಿದ,
ಚುಚ್ಚದ ಬೆರಳಿಗೂ ಪಟ್ಟಿ ಬೇಕಂತೆ.
ಸುತ್ತಿದೆ.
ಇನ್ನೊಂದಕ್ಕೂ, ಅಂದ.