ಅಮ್ಮನ್ನ ಹೊಡೆದ್ರಂತೆ

ಅವತ್ತು ಬುಧವಾರ. ಶಾಲೆಗೆ ಚಕ್ಕರ್ ಹೊಡೆದು
ನಾಗೋಜಿರಾಯರ ರೇಡಿಯೋ ರಿಪೇರಿ ಅಂಗಡಿಯಲ್ಲಿ
ಸ್ಕ್ರೂಗಳನ್ನು ಅಳತೆಗೆ ತಕ್ಕಂತೆ ಡಬ್ಬಿಗೆ ಹಾಕುತ್ತಿದ್ದೆ.
ಭಟ್ಟಿ ಹುಸೇನಬಿಯ ಮರ್ಫಿ ಆಗಷ್ಟೇ ಬಾಯಿ ಬಿಟ್ಟಿತ್ತು,
ಆದರೆ ಸಾರಂಗಿ ಬಿಟ್ಟರೆ ಬೇರೆ ಸೊಲ್ಲಿಲ್ಲ.
ಧಾರವಾಡಕ್ಕೆ ತಿರುಗಿಸಿದರೂ ಸಾರಂಗಿ,
ಭದ್ರಾವತಿಗೆ ತಿರುಗಿಸಿದರೂ ಅದೇ.
"ಮಂಡಕ್ಕಿ ಹುರಿಯೋರಿಗೆ ಯಾಕಪ್ಪ ಈ ಅಳು?
ಪದ ಬರೋ ಹಂಗೆ ಮಾಡಿಕೊಡು" ಅಂದಳಾಕೆ.
ರಾಯರು ಮತ್ತೆ ಬೆನ್ನು ಬಿಚ್ಚಿದರು,
ಒಂದು ಕಂಡೆನ್ಸರ್ ಕಿತ್ತರು,
ಕಾದ ಸೀಸದ ಹೊಗೆಗೆ ಕಣ್ಣು ಕಿರಿದು ಮಾಡಿ
"ಎಲ್ಲಾ ಸರಿ ಇದೆಯಲ್ಲೋ" ಅಂದರು, ನನಗಲ್ಲ.

ಆಗ ಚೌಕಿಪೇಟೆ ಕಡೆಯಿಂದ
ಷಟರ್ ಎಳೆಯುವ ಸದ್ದು, ಒಂದರ ಹಿಂದೆ ಒಂದು.
ಯಾರೋ ಸೈಕಲ್ ಮೇಲಿಂದಲೇ ಕೂಗಿ ಹೋದರು:
"ಅಮ್ಮನ್ನ ಹೊಡೆದು ಹಾಕಿಬಿಟ್ರಂತೆ!"

ಯಾವ ಅಮ್ಮ ಎಂದು ನಾನು ಕೇಳಲಿಲ್ಲ.
ನನಗೆ ಗೊತ್ತಿದ್ದವಳು ಒಬ್ಬಳೇ,
ಹೊಡೆಯುವವನೂ ಒಬ್ಬನೇ,
ಕಾಟನ್ ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬಂದು
ಮಲಗಿದವನು ಏಳುವ ಹೊತ್ತು ಅದು.

ಓಡಿದೆ.
ರೈಲ್ವೆ ಗೇಟು ಹಾಕಿತ್ತು, ಗೂಡ್ಸ್ ನಿಂತಿತ್ತು,
ಅದರ ಹೊಟ್ಟೆಯಡಿ ತೂರಿದೆ.
ಮುಷ್ಟಿಯಲ್ಲಿ ಇನ್ನೂ ರಾಯರ ಸ್ಕ್ರೂ.
ದಾರಿಯುದ್ದಕ್ಕೂ ಎಲ್ಲರಿಗೂ ತಿಳಿದುಬಿಟ್ಟಿತ್ತು.
ಕಾದ ದೋಸೆ ಹಂಚಿಗೆ ನೀರು ಸುರಿಯುತ್ತಿದ್ದವನು
ಹೂವಿನ ಬುಟ್ಟಿಯವಳಿಗೆ ಹೇಳುತ್ತಿದ್ದ:
"ಮನೆ ಅಂಗಳದಾಗೇ ಅಂತೆ.
ಕಾಯಬೇಕಾದವರೇ ಅಂತೆ."
ನಮ್ಮ ಮನೆ ಸುದ್ದಿ ಇಷ್ಟು ಜನಕ್ಕೆ ಹೇಗೆ ಹೋಯಿತು!
ಹೆದರಿಕೆಗಿಂತ ಒಂದು ಹೆಜ್ಜೆ ಮುಂದೆ
ನಾಚಿಕೆ ಓಡುತ್ತಿತ್ತು.

ಅಮ್ಮ ಹಿತ್ತಲ ಕಲ್ಲಿಗೆ ಬಟ್ಟೆ ಕುಕ್ಕುತ್ತಿದ್ದಳು.
"ಯಾಕೋ, ನಾಯಿ ಅಟ್ಟಿಸಿಕೊಂಡು ಬಂತಾ?"
ಎಡಗೆನ್ನೆಯಲ್ಲಿ ಮೊನ್ನೆಯದು ಇತ್ತು, ಹಳದಿಗೆ ತಿರುಗಿತ್ತು.
ಹೊಸದು ಯಾವುದೂ ಇರಲಿಲ್ಲ.
ಹೇಳಲು ಬಾರದೆ
ಸ್ಕ್ರೂಗಳನ್ನೆಲ್ಲ ಅವಳ ಒದ್ದೆ ಅಂಗೈಗೆ ಸುರಿದೆ.

ಸಂಜೆ ರುದ್ರಮುನಿ ಮೇಷ್ಟ್ರ ಕಿಟಕಿಯಲ್ಲಿ
ಸಾರಂಗಿ ನಿಂತು ಒಂದು ಗಂಡು ದನಿ ಬಂತು.
ಬೆಲ್ಟಿಗೆ ಅಳದವಳು, ಹಸಿ ಬರಲಿಗೆ ಅಳದವಳು
ಅಂಗಳದಲ್ಲಿ ಕುಸಿದು ಕೂತು
ಕಂಡೇ ಇರದ ಹೆಂಗಸಿಗೆ ಅತ್ತಳು, ಓಣಿಗೆಲ್ಲ ಕೇಳುವಂತೆ.
"ನಡಕೊಂಡು ಹೋಗ್ತಿದ್ಲಂತೆ ಕಣೋ,
ಸುಮ್ಮನೆ ನಡಕೊಂಡು..."
ಅಪ್ಪ ಹೊಸ್ತಿಲಲ್ಲಿ
ಹಚ್ಚದ ಬೀಡಿಯನ್ನು ತಿರುವುತ್ತಾ ಕೂತಿದ್ದ.
ಆಮೇಲೆ ಎದ್ದು ಹೋಗಿ ಒಂದು ಚೊಂಬು ನೀರು ತಂದು
ಅವಳ ಪಕ್ಕ ಇಟ್ಟ.
ಅವಳು ಕುಡಿದಳೋ ಇಲ್ಲವೋ, ನೆನಪಿಲ್ಲ.

ಮಿಲ್ಲು ಬಂದ್. ಸಾರಾಯಿ ಅಂಗಡಿ ಬಂದ್.
ಮೂರು ದಿನ ಸೈರನ್ ಕೂಗಲಿಲ್ಲ.
ಭಟ್ಟಿಗಳ ಹೊಗೆಯೂ ಇಲ್ಲದ ಆಕಾಶ
ಇಷ್ಟು ನೀಲಿ ಇರುತ್ತದೆಂದು ಗೊತ್ತಿರಲಿಲ್ಲ.
ಮನೆಯಲ್ಲಿ ಯಾರ ಕೈಯೂ ಮೇಲೇಳಲಿಲ್ಲ.
ದೇಶವೆಲ್ಲ ಅಳುತ್ತಿದ್ದಾಗ ಹನ್ನೊಂದು ವರ್ಷದ ನಾನು
ದುಗ್ಗಮ್ಮನ ಗುಡಿಗೆ ಒಬ್ಬನೇ ಹೋಗಿ
ಈ ಶೋಕ ಇನ್ನೊಂದು ತಿಂಗಳಿರಲಿ
ಎಂದು ಬೇಡಿಕೊಂಡೆ.

ನಾಲ್ಕನೆಯ ಬೆಳಿಗ್ಗೆ ಸೈರನ್ ಕೂಗಿತು.

ಈಗಲೂ ಮಾತಿಗೆ ಕೂತಾಗ ಯಾರಾದರೂ ಕೇಳುತ್ತಾರೆ,
ಆ ದಿನ ನೀನೆಲ್ಲಿದ್ದೆ ಎಂದು.
ರಿಪೇರಿ ಅಂಗಡಿಯಲ್ಲಿ, ಅನ್ನುತ್ತೇನೆ.
ಅಷ್ಟಕ್ಕೇ ನಿಲ್ಲಿಸುತ್ತೇನೆ.
ರಾಯರು ಹಳೆಯ ಕಂಡೆನ್ಸರನ್ನೇ ವಾಪಸ್ ಕೂರಿಸಿದರು,
ಹುಸೇನಬಿಯ ದುಡ್ಡು ಮುಟ್ಟಲಿಲ್ಲ.
ಅಮ್ಮ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಸ್ಕ್ರೂಗಳನ್ನು
ನಾನೇ ಒಯ್ದು ಕೊಟ್ಟೆ.
ಲೆಕ್ಕಕ್ಕೆ ಎರಡು ಕಡಿಮೆ ಇದ್ದವು.